ಅಟ್ಟದ ಮೇಲಿನ ಸೂಪ್ ಬೋಗುಣಿ: ತಳದ ಮುದ್ರೆ ಏನು ಹೇಳುತ್ತದೆ, ಒಳಗೆ ಏನನ್ನು ಬಡಿಸಬಹುದು

ಪ್ರಶ್ನೆ: ನಮ್ಮದು ಸುರಪುರ. ಹಳೆಯ ಮನೆ ಪಾಲಾಗುವಾಗ, ಅಟ್ಟದ ಮೇಲಿನ ಟ್ರಂಕಿನಲ್ಲಿ ಹುಲ್ಲು ತುಂಬಿ ಇಟ್ಟಿದ್ದ ದೊಡ್ಡದೊಂದು ಪಿಂಗಾಣಿ ಬೋಗುಣಿ ನನ್ನ ಪಾಲಿಗೆ ಬಂತು. ಮೊಟ್ಟೆಯಾಕಾರ, ಎರಡು ಕಡೆ ಹಿಡಿಕೆ, ನೀಲಿ ಹೂಬಳ್ಳಿಯ ಚಿತ್ರ, ಮುಚ್ಚಳ, ಕೆಳಗಿಡಲು ಅದೇ ಚಿತ್ರದ ತಟ್ಟೆ. ಮುಚ್ಚಳದ ಮೇಲಿನ ಹಿಡಿ ಮುರಿದದ್ದನ್ನು ಯಾವಾಗಲೋ ಅಂಟಿಸಿದ್ದಾರೆ. ಒಳಗೆ ಕೂದಲೆಳೆಯಂಥ ಗೆರೆಗಳೂ ಕಂದು ಕಲೆಗಳೂ ಇವೆ. ತಳದಲ್ಲಿ ಕಾರ್ಖಾನೆಯ ಹೆಸರು ಅಳಿಸಿದೆ. ‘ಇಂಗ್ಲೆಂಡ್’ ಎಂಬುದೂ, ‘ಆರ್‌ಡಿ ನಂ.’ ಎಂದು ನಾಲ್ಕು ಲಕ್ಷ ಮೂವತ್ತು ಸಾವಿರ ದಾಟಿದ ಒಂದು ಸಂಖ್ಯೆಯೂ ಓದಲು ಬರುತ್ತವೆ. ಇದು ಟೇಲರ್ ಸಾಹೇಬರ ಬಂಗಲೆಯಿಂದ ಬಂದದ್ದೆಂದು ನಮ್ಮ ಸೋದರತ್ತೆ ಹೇಳುತ್ತಾರೆ. ನಿಜವೇ? ಮಗಳ ನಿಶ್ಚಿತಾರ್ಥದ ಊಟಕ್ಕೆ ಇದರಲ್ಲಿ ಸಾರು ಬಡಿಸಬಹುದೇ? ಇಂಥವನ್ನು ಇನ್ನಷ್ಟು ಕೂಡಿಸುವ ಆಸೆಯಾಗಿದೆ, ಎಲ್ಲಿಂದ ಶುರುಮಾಡಲಿ? ಒಬ್ಬ ವ್ಯಾಪಾರಿ ಕೊಡಿರೆಂದು ಬೆನ್ನುಹತ್ತಿದ್ದಾನೆ.

ಉತ್ತರ: ನೀವು ಕಳಿಸಿದ ಫೋಟೋಗಳನ್ನು ನೋಡಿದೆ. ನಿಮ್ಮ ಕೈಗೆ ಬಂದಿರುವುದು ಸೂಪ್ ಟ್ಯೂರೀನ್ ಎಂಬ ಪಾತ್ರೆ, ಅಂದರೆ ಸೂಪನ್ನು ಬಿಸಿಯಾಗಿಯೇ ಮೇಜಿಗೆ ತಂದು, ಎಲ್ಲರ ಎದುರು ಮುಚ್ಚಳ ತೆಗೆದು, ಸೌಟಿನಿಂದ ಬಡಿಸಲೆಂದು ಮಾಡಿದ ಬೋಗುಣಿ. ಮುಚ್ಚಳದ ಅಂಚಿನಲ್ಲಿ ಅರ್ಧಚಂದ್ರದಂತೆ ಕತ್ತರಿಸಿರುವ ಜಾಗವನ್ನು ಒಡೆದ ಚೂರು ಎಂದು ನೀವು ತಿಳಿದಿರುವಂತಿದೆ. ಅದು ಒಡಕಲ್ಲ, ಮುಚ್ಚಳ ಹಾಕಿದಾಗ ಸೌಟಿನ ಹಿಡಿ ಹೊರಗೆ ಬರಲೆಂದು ಬಿಟ್ಟ ಕಿಂಡಿ. ಹೆಸರು ಫ್ರೆಂಚಿನ ‘ತೆರೀನ್’ ಎಂಬ ಪದದಿಂದ ಬಂದದ್ದು, ಅದರ ಮೂಲಾರ್ಥ ಮಣ್ಣಿನ ಪಾತ್ರೆ. ಫ್ರಾನ್ಸಿನ ಸೇನಾನಿ ತುರೆನ್ ಎಂಬವನು ರಣರಂಗದಲ್ಲಿ ತನ್ನ ಶಿರಸ್ತ್ರಾಣದಲ್ಲೇ ಸೂಪು ಕುಡಿದನಾದ್ದರಿಂದ ಈ ಹೆಸರು ಬಂತೆಂಬ ಕಥೆಯನ್ನು ವ್ಯಾಪಾರಿಗಳು ನಿಮಗೂ ಹೇಳಬಹುದು. ಕಥೆ ಚೆನ್ನಾಗಿದೆ, ಆದರೆ ಪದದ ಹುಟ್ಟು ಅದಲ್ಲ.

ಈ ಪಾತ್ರೆಗೆ ಯುರೋಪಿನ ಊಟದ ಮೇಜಿನ ಮೇಲೆ ಇಷ್ಟೊಂದು ಠೀವಿ ಬಂದದ್ದಕ್ಕೆ ಕಾರಣವಿದೆ. ಹದಿನೆಂಟನೆಯ ಶತಮಾನದ ಫ್ರೆಂಚ್ ಪದ್ಧತಿಯಲ್ಲಿ ಒಂದು ಸರದಿಯ ಭಕ್ಷ್ಯಗಳನ್ನೆಲ್ಲ ಒಟ್ಟಿಗೇ ಮೇಜಿನ ಮೇಲೆ ಜೋಡಿಸುತ್ತಿದ್ದರು. ಮೊದಲು ಬಡಿಸುವುದು ಸೂಪು, ಆದ್ದರಿಂದ ಅತಿಥಿಗಳ ಕಣ್ಣಿಗೆ ಮೊದಲು ಬೀಳುವುದೂ ಅದರ ಪಾತ್ರೆ. ಜರ್ಮನಿಯ ಮೈಸೆನ್, ಲಂಡನ್ನಿನ ಚೆಲ್ಸೀ ಮೊದಲಾದ ಕಾರ್ಖಾನೆಗಳು ಅದನ್ನು ಮೊಲ, ಕೋಳಿ, ಹಂಸಗಳ ಆಕಾರದಲ್ಲೂ ಮಾಡಿದವು. ಪ್ಯಾರಿಸ್ಸಿನ ಅಕ್ಕಸಾಲಿ ತೊಮಾ ಜೆರ್ಮೆಂ 1733ರಲ್ಲಿ ಮಾಡಿದ ಬೆಳ್ಳಿಯ ಟ್ಯೂರೀನೊಂದು 1996ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಒಂದು ಕೋಟಿ ಡಾಲರಿಗೂ ಮೇಲೆ ಹೋಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಒಂದಾದ ಮೇಲೊಂದು ಭಕ್ಷ್ಯವನ್ನು ಒಳಗಿನಿಂದ ತಂದು ಬಡಿಸುವ ರಷ್ಯನ್ ಪದ್ಧತಿ ಹರಡಿದಂತೆ ಟ್ಯೂರೀನು ಮೇಜಿನ ಒಡೆತನ ಕಳೆದುಕೊಂಡಿತು. ಆದರೆ ಅದೇ ಹೊತ್ತಿಗೆ ಅಚ್ಚಿನ ಚಿತ್ರದ ಅಗ್ಗದ ಪಿಂಗಾಣಿ ಇಂಗ್ಲೆಂಡಿನ ಸ್ಟ್ಯಾಫರ್ಡ್‌ಶೈರಿನಿಂದ ಲೋಕಕ್ಕೆಲ್ಲ ಹೊರಟಿದ್ದರಿಂದ, ಅರಮನೆಯ ವಸ್ತು ಮಧ್ಯಮ ವರ್ಗದ ಮನೆಗೂ ದೊರೆಸಾನಿಯರ ಬಂಗಲೆಗೂ ಬಂತು. ನಿಮ್ಮದು ಈ ಎರಡನೆಯ ವಂಶದ್ದು.

ಈಗ ಟೇಲರ್ ಸಾಹೇಬರ ಮಾತು. ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡ ಬ್ರಿಟಿಷ್ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್ 1841ರಲ್ಲಿ ಇಲ್ಲಿಗೆ ಬಂದರು, 1860ರಲ್ಲಿ ಇಂಗ್ಲೆಂಡಿಗೆ ಮರಳಿದರು, 1876ರಲ್ಲಿ ತೀರಿಕೊಂಡರು. ಈ ಮೂರು ವರ್ಷಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬೋಗುಣಿಯನ್ನು ಕವುಚಿ ನೋಡಿ. ಬ್ರಿಟನ್ನಿನಲ್ಲಿ ವಿನ್ಯಾಸಗಳನ್ನು ನೋಂದಾಯಿಸುವ ಪದ್ಧತಿಯಲ್ಲಿ 1842ರಿಂದ 1883ರವರೆಗೆ ವಸ್ತುವಿನ ತಳದಲ್ಲಿ ಗಾಳಿಪಟದಂಥ ವಜ್ರಾಕೃತಿಯ ಗುರುತು ಇರುತ್ತಿತ್ತು; ಅದರ ಮೂಲೆಗಳಲ್ಲಿನ ಅಕ್ಷರ ಮತ್ತು ಅಂಕಿಗಳಿಂದ ನೋಂದಣಿಯ ದಿನವನ್ನೇ ಬಿಡಿಸಬಹುದು. 1884ರಿಂದ ಆ ಗುರುತು ಹೋಗಿ, ಒಂದರಿಂದ ಆರಂಭವಾಗುವ ಓಡುವ ಸಂಖ್ಯೆ ಬಂತು, ಅದೇ ನಿಮ್ಮ ‘ಆರ್‌ಡಿ ನಂ.’ 1900ರ ಜನವರಿಯ ಹೊತ್ತಿಗೆ ಆ ಸಂಖ್ಯೆ ಸುಮಾರು ಮೂರೂವರೆ ಲಕ್ಷಕ್ಕೆ ಮುಟ್ಟಿತ್ತು. ನೀವು ಬರೆದಿರುವ ಸಂಖ್ಯೆ 1904ರ ಸಾಲಿಗೆ ಬರುತ್ತದೆ. ‘ಇಂಗ್ಲೆಂಡ್’ ಎಂಬ ಮುದ್ರೆಯೂ ಅದನ್ನೇ ಹೇಳುತ್ತದೆ, ಏಕೆಂದರೆ ಅಮೆರಿಕ 1890ರಲ್ಲಿ ಮಾಡಿದ ಸುಂಕದ ಕಾಯಿದೆಯು ಆಮದು ವಸ್ತುಗಳ ಮೇಲೆ ತಯಾರಾದ ದೇಶದ ಹೆಸರು ಇರಲೇಬೇಕೆಂದು ವಿಧಿಸಿತು, 1891ರಿಂದ ಇಂಗ್ಲಿಷ್ ಕಾರ್ಖಾನೆಗಳು ತಮ್ಮ ಮುದ್ರೆಯಲ್ಲಿ ದೇಶದ ಹೆಸರನ್ನು ಸಾಮಾನ್ಯವಾಗಿ ಸೇರಿಸತೊಡಗಿದವು. ಆದ್ದರಿಂದ ಈ ಬೋಗುಣಿ ಹುಟ್ಟುವ ಹೊತ್ತಿಗೆ ಟೇಲರ್ ಸಾಹೇಬರು ತೀರಿ ಇಪ್ಪತ್ತೈದು ವರ್ಷಗಳ ಮೇಲಾಗಿತ್ತು. ಇಲ್ಲಿ ಇನ್ನೊಂದು ಎಚ್ಚರ ಬೇಕು. 1904 ಎಂಬುದು ವಿನ್ಯಾಸ ನೋಂದಣಿಯಾದ ವರ್ಷ, ಪಾತ್ರೆ ಸುಟ್ಟ ವರ್ಷವಲ್ಲ. ಜನಪ್ರಿಯ ವಿನ್ಯಾಸವನ್ನು ಕಾರ್ಖಾನೆಗಳು ಅದೇ ಸಂಖ್ಯೆಯೊಂದಿಗೆ ವರ್ಷಗಟ್ಟಲೆ ಮಾಡುತ್ತಿದ್ದವು. ‘ಮೇಡ್ ಇನ್ ಇಂಗ್ಲೆಂಡ್’ ಎಂದು ಪೂರ್ತಿ ಬರೆದಿದ್ದರೆ ಇನ್ನೂ ಈಚಿನದೆಂದು ನಾನು ಭಾವಿಸುತ್ತಿದ್ದೆ; ಬರೀ ‘ಇಂಗ್ಲೆಂಡ್’ ಇರುವುದರಿಂದ 1904ಕ್ಕೂ ಮೊದಲ ಮಹಾಯುದ್ಧಕ್ಕೂ ನಡುವಿನ ಕಾಲವೆಂದು ಇಟ್ಟುಕೊಳ್ಳುವುದು ಸಮಂಜಸ. ನೂರು ವರ್ಷ ದಾಟಿದ್ದನ್ನು ಪ್ರಾಚೀನ ವಸ್ತುವೆಂದೂ ಅದಕ್ಕಿಂತ ಈಚಿನ ಹಳೆಯದನ್ನು ವಿಂಟೇಜ್ ಎಂದೂ ಕರೆಯುವ ರೂಢಿಯ ಪ್ರಕಾರ ನಿಮ್ಮದು ಮೊದಲನೆಯ ಗುಂಪಿಗೇ ಸೇರುತ್ತದೆ.

ಇದರಿಂದ ನಿಮ್ಮ ಸೋದರತ್ತೆಯವರ ಮಾತು ಸುಳ್ಳಾಯಿತೆಂದು ದಯವಿಟ್ಟು ತಿಳಿಯಬೇಡಿ. ಸುರಪುರದಲ್ಲಿ ಆ ಬಂಗಲೆ ಇಂದಿಗೂ ಟೇಲರ್ ಮಂಜಿಲ್ ಎಂದೇ ಹೆಸರಾಗಿದೆ. ಟೇಲರ್ ಹೋದ ಎಷ್ಟೋ ವರ್ಷಗಳ ನಂತರ ಅಲ್ಲಿ ಇಳಿದ ಇನ್ನಾರದೋ ಸಾಮಾನಿನಿಂದ ಬಂದದ್ದನ್ನೂ ಜನ ಟೇಲರ್ ಬಂಗಲೆಯದೆಂದೇ ಹೇಳುತ್ತಾರೆ. ಬೇರೆ ದಾರಿಗಳೂ ಇದ್ದವು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಓಡತೊಡಗಿದ ಮೇಲೆ ಮುಂಬಯಿ ಬಂದರಿಗೆ ಇಳಿದ ವಿಲಾಯತಿ ಸಾಮಾನು ನಮ್ಮ ಭಾಗದ ಮೇಲಿಂದಲೇ ಹೈದರಾಬಾದಿಗೆ ಹೋಗುತ್ತಿತ್ತು, 1948ರವರೆಗೆ ನಾವು ಅದೇ ಸಂಸ್ಥಾನದ ಪ್ರಜೆಗಳಾಗಿದ್ದೆವು, ಜಾಗೀರುದಾರರ ದೇವಡಿ ಎಂಬ ದೊಡ್ಡ ಮನೆಗಳಲ್ಲಿ ಇಂಗ್ಲಿಷ್ ಡಿನ್ನರ್ ಸೆಟ್ಟು ಇಡುವುದು ಘನತೆಯ ಗುರುತಾಗಿತ್ತು. ಕಲಬುರಗಿಯಲ್ಲಿ ನಾನು ನೋಡಿರುವ ಹಳೆಯ ಟ್ಯೂರೀನುಗಳಲ್ಲಿ ಹೆಚ್ಚಿನವು ಇಂಥ ಮನೆಗಳ ಪಾಲಿನಲ್ಲೇ ಹೊರಬಂದವು. ಅತ್ತೆಯವರು ಹೇಳುವುದನ್ನು ಅವರ ಮಾತಿನಲ್ಲೇ ಒಂದು ಕಾಗದದ ಮೇಲೆ ಬರೆದು, ತಾರೀಖು ಹಾಕಿ, ಬೋಗುಣಿಯ ಒಳಗಿಡಿ. ಬಂಗಲೆಯಲ್ಲಿ ಯಾರಿದ್ದಾಗ, ಮನೆಗೆ ತಂದವರು ಯಾರು, ಕೊಂಡದ್ದೋ ಕೊಟ್ಟದ್ದೋ ಎಂಬುದನ್ನು ಅವರನ್ನೇ ಕೂರಿಸಿಕೊಂಡು ಕೇಳಿ. ಅದನ್ನು ಯಾವ ಮುದ್ರೆಯೂ ತಿಳಿಸಲಾರದು.

ಬಳಕೆಯ ಪ್ರಶ್ನೆಗೆ ಬರುವ ಮೊದಲು ಪಾತ್ರೆ ಯಾವುದರಿಂದ ಆದದ್ದೆಂಬುದು ಗೊತ್ತಾಗಬೇಕು. ನಾವು ಎಲ್ಲವನ್ನೂ ಪಿಂಗಾಣಿ ಎನ್ನುತ್ತೇವೆ, ಆದರೆ ಅದರಲ್ಲಿ ಜಾತಿಗಳಿವೆ. ನಿಜವಾದ ಪೋರ್ಸಲೀನು ಮತ್ತು ಮೂಳೆಯ ಬೂದಿ ಬೆರೆಸಿದ ಬೋನ್ ಚೈನಾ ಬಿಗಿಯಾಗಿ ಸುಟ್ಟವು, ನೀರು ಹೀರುವುದಿಲ್ಲ, ಹಿಂದೆ ದೀಪ ಹಿಡಿದರೆ ಬೆರಳಿನ ನೆರಳು ಕಾಣುತ್ತದೆ. ಅರ್ದನ್‌ವೇರ್ ಎನ್ನುವುದು ಬಿಳಿಯ ಮಣ್ಣಿನದಾದರೂ ಒಳಗೊಳಗೆ ರಂಧ್ರಗಳುಳ್ಳದ್ದು, ಬೆಳಕನ್ನು ಬಿಡದು, ಮೇಲಿನ ಗಾಜಿನಂಥ ಗ್ಲೇಜು ಮಾತ್ರವೇ ಅದಕ್ಕೆ ನೀರಿನಿಂದ ರಕ್ಷಣೆ. ಇವೆರಡರ ನಡುವೆ, 1813ರಲ್ಲಿ ಚಾರ್ಲ್ಸ್ ಮೇಸನ್ ಪೇಟೆಂಟ್ ಪಡೆದ ಐರನ್‌ಸ್ಟೋನ್ ಎಂಬ ದಪ್ಪ, ಗಟ್ಟಿ ಬಗೆಯೊಂದಿದೆ. ಪರೀಕ್ಷೆ ಮನೆಯಲ್ಲೇ ಆಗುತ್ತದೆ. ಸಂತೆಯಲ್ಲಿ ಗಡಿಗೆ ಕೊಳ್ಳುವಾಗ ನಮ್ಮ ಹಿರಿಯರು ಬೆರಳ ಗೆಣ್ಣಿನಿಂದ ಬಾರಿಸಿ ನೋಡುವಂತೆ, ಬೋಗುಣಿಯನ್ನು ಅಂಗೈ ಮೇಲೆ ಮೆತ್ತನೆ ಬಟ್ಟೆ ಹಾಸಿ ಇಟ್ಟುಕೊಂಡು ಅಂಚಿನ ಬಳಿ ಮೆಲ್ಲಗೆ ತಟ್ಟಿ: ಪೋರ್ಸಲೀನು ಗಂಟೆಯಂತೆ ನಾದ ಬಿಡುತ್ತದೆ, ಅರ್ದನ್‌ವೇರಿನ ದನಿ ಮಂದ, ಎಲ್ಲಾದರೂ ಕಾಣದ ಬಿರುಕಿದ್ದರೆ ಯಾವ ಜಾತಿಯಾದರೂ ಬದ್ ಎನ್ನುತ್ತದೆ. ತಳದ ಸುತ್ತುಕಾಲಿನಲ್ಲಿ, ಅಂದರೆ ಪಾತ್ರೆ ನಿಲ್ಲುವ ಉಂಗುರದಂಥ ಅಂಚಿನಲ್ಲಿ, ಗ್ಲೇಜು ಸವೆದ ಜಾಗಕ್ಕೆ ಒಂದು ಹನಿ ನೀರು ಮುಟ್ಟಿಸಿ; ಹನಿ ಹೀರಿಹೋದರೆ ಅರ್ದನ್‌ವೇರ್. ನಿಮ್ಮ ಫೋಟೋದಲ್ಲಿ ಸುತ್ತುಕಾಲಿನ ಬಳಿ ಮಣ್ಣು ಕೆನೆಬಣ್ಣಕ್ಕೆ ತಿರುಗಿರುವುದನ್ನೂ ಕಲೆ ಒಳಗಿಳಿದಿರುವುದನ್ನೂ ನೋಡಿದರೆ, ನಿಮ್ಮದು ನೀಲಿ ಅಚ್ಚಿನ ಅರ್ದನ್‌ವೇರ್ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಹಿಡಿಕೆಯ ಬುಡದಲ್ಲಿ ಬಳ್ಳಿಯ ಚಿತ್ರ ಸರಿಯಾಗಿ ಕೂಡದೆ ಒಂದು ಗೆರೆ ಬಿದ್ದಿದೆಯಲ್ಲ, ತಾಮ್ರದ ಫಲಕದಿಂದ ತೆಳು ಕಾಗದಕ್ಕೆ, ಕಾಗದದಿಂದ ಪಾತ್ರೆಗೆ ಚಿತ್ರ ಇಳಿಸುವಾಗ ಎರಡು ಹಾಳೆಗಳು ಕೂಡಿದ ಜಾಗ ಅದು. ಆ ಕಾಗದವನ್ನು ಅಂಟಿಸಿ ಉಜ್ಜುವ ಕೆಲಸವನ್ನು ಹೆಚ್ಚಾಗಿ ಹೆಣ್ಣುಮಕ್ಕಳು ಮಾಡುತ್ತಿದ್ದರು. ಆ ತಪ್ಪುಗೆರೆಯನ್ನು ದೋಷವೆಂದು ಎಣಿಸಬೇಡಿ, ನನಗಂತೂ ಪಾತ್ರೆಯಲ್ಲಿ ಎಲ್ಲಕ್ಕಿಂತ ಪ್ರಿಯವಾದ ಜಾಗ ಅದೇ.

ಸಾರು ಬಡಿಸಬಹುದೇ ಎಂಬುದಕ್ಕೆ ನೇರವಾಗಿ ಹೇಳುತ್ತೇನೆ: ಈ ಬೋಗುಣಿಯೊಳಕ್ಕೆ ನೇರವಾಗಿ ಸಾರನ್ನು ಸುರಿಯಬೇಡಿ. ಕಾರಣ ಸೀಸ. ಆ ಕಾಲದ ಅರ್ದನ್‌ವೇರಿನ ಗ್ಲೇಜಿನಲ್ಲಿ ಸೀಸವನ್ನು ಬಳಸುವುದು ಸಾಮಾನ್ಯವಾಗಿತ್ತು, ಅದರಿಂದ ಗ್ಲೇಜು ಕಡಿಮೆ ಶಾಖದಲ್ಲೇ ಕರಗಿ ಸಮನಾಗಿ ಹರಡುತ್ತದೆ, ಹೊಳಪು ಬರುತ್ತದೆ. ಪಾತ್ರೆಗಳನ್ನು ಗ್ಲೇಜಿನಲ್ಲಿ ಅದ್ದುವ ಸ್ಟ್ಯಾಫರ್ಡ್‌ಶೈರಿನ ಕೆಲಸಗಾರರು ಆ ಹೊಳಪಿಗಾಗಿ ಸೀಸದ ವಿಷವುಂಡು ಕೈಕಾಲಿನ ಸ್ವಾಧೀನ ಕಳೆದುಕೊಂಡರು, ಎಷ್ಟೋ ಜನ ಸತ್ತರು. ಚೆನ್ನಾಗಿ ಕೂಡಿಸಿ ಸುಟ್ಟ ಗ್ಲೇಜಿನಿಂದ ಸೀಸ ಸುಲಭವಾಗಿ ಬಿಡುವುದಿಲ್ಲ ಎಂಬುದು ನಿಜ; ಆದರೆ ಹುಳಿ, ಶಾಖ, ಸಮಯ ಈ ಮೂರೂ ಕೂಡಿದಾಗ ಅದು ಆಹಾರಕ್ಕೆ ಇಳಿಯುತ್ತದೆ, ಮೇಲ್ಮೈ ಬಿರುಕು ಬಿಟ್ಟು ಸವೆದಿದ್ದರೆ ಇನ್ನೂ ಹೆಚ್ಚು. ನಮ್ಮ ಅಡುಗೆಯನ್ನು ಒಮ್ಮೆ ನೆನೆಸಿಕೊಳ್ಳಿ. ಹುಣಸೆಹಣ್ಣಿನ ಸಾರು, ಟೊಮೆಟೊ ಸಾರು, ಕಟ್ಟಿನ ಸಾರು, ಪುಂಡಿ ಪಲ್ಯ, ಮಜ್ಜಿಗೆಯ ಕಡಿ, ಒಂದು ರಾತ್ರಿ ಹುಳಿ ಬಂದ ಜೋಳದ ಅಂಬಲಿ, ಎಲ್ಲವೂ ಹುಳಿ, ಹೆಚ್ಚಿನವು ಕುದಿಬಿಸಿ. ಇಂಗ್ಲಿಷರ ಮಾಂಸದ ತಿಳಿಸೂಪಿಗೆಂದು ಮಾಡಿದ ಗ್ಲೇಜನ್ನು ನಾವು ಹುಣಸೆಹುಳಿಗೆ ಒಡ್ಡುವುದು ಬೇರೆಯೇ ಮಾತು. ಸೀಸಕ್ಕೆ ಇಷ್ಟರವರೆಗೆ ಸುರಕ್ಷಿತ ಎಂಬ ಮಿತಿಯೇ ತಿಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಚಿಕ್ಕ ಮಕ್ಕಳ ಮಿದುಳಿಗೂ ಗರ್ಭಿಣಿಯರಿಗೂ ಅದರ ಅಪಾಯ ಎಲ್ಲರಿಗಿಂತ ಹೆಚ್ಚು. ನಿಶ್ಚಿತಾರ್ಥದ ಮನೆಯಲ್ಲಿ ಇಬ್ಬರೂ ಇರುತ್ತಾರೆ.

ಪರೀಕ್ಷೆ ಮಾಡಿಸಬಹುದೇ ಎಂದರೆ, ಮಾಡಿಸಬಹುದು. ಪ್ರಯೋಗಾಲಯದಲ್ಲಿ ಶೇ. 4ರ ಅಸಿಟಿಕ್ ಆಮ್ಲವನ್ನು ಪಾತ್ರೆಯಲ್ಲಿ ತುಂಬಿ, ಸುಮಾರು 22 ಡಿಗ್ರಿಯಲ್ಲಿ 24 ಗಂಟೆ ಇಟ್ಟು, ಇಳಿದ ಸೀಸ ಮತ್ತು ಕ್ಯಾಡ್ಮಿಯಂ ಎಂಬ ಇನ್ನೊಂದು ವಿಷಲೋಹ ಎಷ್ಟೆಂದು ಅಳೆಯುತ್ತಾರೆ. ಒರೆಸಿದರೆ ಬಣ್ಣ ತೋರಿಸುವ ಸಣ್ಣ ಕಡ್ಡಿಗಳೂ ಮಾರಾಟಕ್ಕಿವೆ. ಅವು ಕೆಂಪಾದರೆ ಸೀಸ ಇದೆಯೆಂದು ನಂಬಿ, ಕೆಂಪಾಗದಿದ್ದರೆ ಇಲ್ಲವೆಂದು ನಂಬಬೇಡಿ. ರಾತ್ರಿಯಿಡೀ ನಿಂಬೆರಸ ಇಟ್ಟು ನೋಡುವ ಪದ್ಧತಿಯಂತೂ ಪಾತ್ರೆಯನ್ನು ಕೆಡಿಸುತ್ತದೆ, ಉತ್ತರ ಕೊಡುವುದಿಲ್ಲ. ನಿಮ್ಮ ಬೋಗುಣಿಯ ವಿಷಯದಲ್ಲಿ ನಾನು ಆ ಖರ್ಚನ್ನೂ ಮಾಡೆನ್ನುವುದಿಲ್ಲ, ಏಕೆಂದರೆ ಸೀಸ ಇಲ್ಲವೆಂದೇ ಬಂದರೂ ಒಳಗಿನ ಬಿರುಕುಗಳು ಹಾಗೆಯೇ ಉಳಿಯುತ್ತವೆ. ನೀವು ಹೇಳುವ ಕೂದಲೆಳೆಯ ಗೆರೆಗಳು ಗ್ಲೇಜಿನ ಬಿರುಕುಗಳು. ಒಳಗಿನ ಮಣ್ಣು ವರ್ಷಗಳು ಕಳೆದಂತೆ ತೇವ ಹೀರಿ ಸ್ವಲ್ಪ ಸ್ವಲ್ಪವಾಗಿ ಉಬ್ಬುತ್ತದೆ, ಮೇಲಿನ ಗಾಜು ಉಬ್ಬಲಾರದೆ ಸೀಳುತ್ತದೆ. ಎಣ್ಣೆಯೂ ಸಾರೂ ಆ ಸೀಳುಗಳಿಂದ ಒಳಗಿಳಿದು ಅಲ್ಲೇ ಹಳಸುತ್ತವೆ. ಎಷ್ಟು ತಿಕ್ಕಿದರೂ ಅಲ್ಲಿಗೆ ನಾರು ಮುಟ್ಟದು.

ಹಾಗಾದರೆ ಮಗಳ ನಿಶ್ಚಿತಾರ್ಥದಲ್ಲಿ ಅದನ್ನು ಕಪಾಟಿನೊಳಗೇ ಇಡಬೇಕೆಂದಲ್ಲ. ಬೆಳ್ಳಿಯ ಹಳೆಯ ಟ್ಯೂರೀನುಗಳಲ್ಲಿ ಎಷ್ಟೋ ಪಾತ್ರೆಗಳಿಗೆ ಒಳಗೆ ಬೇರೆಯೇ ಒಂದು ಕಳಚುವ ಪಾತ್ರೆ ಇರುತ್ತಿತ್ತು. ಬಡಿಸುವುದು ಅದರಿಂದ, ಶೋಭೆ ಹೊರಗಿನದು. ನೀವೂ ಅದನ್ನೇ ಮಾಡಿ. ಬೋಗುಣಿಯ ಒಳ ಅಳತೆಗೆ ಸಡಿಲವಾಗಿ ಕೂರುವ, ಅಂಚಿಗಿಂತ ಎರಡು ಬೆರಳು ಕೆಳಗಿರುವ ಸ್ಟೀಲ್ ಪಾತ್ರೆಯೊಂದನ್ನು ಭಾಂಡೆ ಅಂಗಡಿಯಲ್ಲಿ ಆರಿಸಿ. ತಳಕ್ಕೂ ಪಕ್ಕಕ್ಕೂ ಮಡಿಸಿದ ಶುಭ್ರವಾದ ಹತ್ತಿಬಟ್ಟೆ ಹಾಕಿದರೆ ಲೋಹ ಪಿಂಗಾಣಿಗೆ ತಾಗುವುದಿಲ್ಲ, ಶಾಖವೂ ನಿಧಾನವಾಗಿ ಏರುತ್ತದೆ. ಮೊಟ್ಟೆಯಾಕಾರದ ಪಾತ್ರೆ ಸಿಗದಿದ್ದರೆ ದುಂಡನೆಯದೇ ಸಾಕು, ಎರಡು ತುದಿಯ ಖಾಲಿ ಜಾಗವನ್ನು ಬಟ್ಟೆಯಿಂದ ತುಂಬಿ.

ಆದರೆ ಪಂಕ್ತಿಯ ಊಟಕ್ಕೆ ಇದನ್ನು ಇಳಿಸಬೇಡಿ. ನಮ್ಮಲ್ಲಿ ಉಣ್ಣುವವರು ಕುಳಿತಲ್ಲೇ ಇರುತ್ತಾರೆ, ಬಡಿಸುವವರು ಸಾಲುಹಿಡಿದು ಓಡಾಡುತ್ತಾರೆ, ಅದಕ್ಕೆಂದೇ ಕೈಯಲ್ಲಿ ತೂಗುವ ಬಕೆಟ್ಟು ಹುಟ್ಟಿಕೊಂಡಿದೆ. ಟ್ಯೂರೀನು ಒಂದೇ ಕಡೆ ಕೂರಲೆಂದು ಮಾಡಿದ ಪಾತ್ರೆ. ಖಾಲಿ ಇದ್ದಾಗಲೇ ಭಾರ, ತುಂಬಿದ ಮೇಲೆ ಅದರ ತೂಕವನ್ನೆಲ್ಲ ನೂರು ವರ್ಷದ ಎರಡು ಹಿಡಿಕೆಗಳ ಮೇಲೆ ಹಾಕಿದರೆ ಒಂದಲ್ಲ ಒಂದು ದಿನ ಅವು ಕಿತ್ತುಬರುತ್ತವೆ. ಎತ್ತುವುದಾದರೆ ಎರಡೂ ಕೈಯನ್ನು ತಳಕ್ಕೆ ಕೊಟ್ಟೇ ಎತ್ತಬೇಕು. ಕಲಬುರಗಿಯ ಮುಸ್ಲಿಂ ಮನೆಗಳಲ್ಲಿ ದಸ್ತರಖಾನ್ ಎಂಬ ಊಟದ ಹಾಸುಬಟ್ಟೆಯ ನಡುವೆ ಪಾಯಾ ಶೋರ್ವಾವನ್ನೋ ರಂಜಾನಿನ ಹಲೀಮನ್ನೋ ಇಟ್ಟು ಸುತ್ತ ಕುಳಿತವರೆಲ್ಲ ಬಡಿಸಿಕೊಳ್ಳುವ ಕ್ರಮ ಇದೆಯಲ್ಲ, ಆ ಊಟಕ್ಕೆ ಈ ಪಾತ್ರೆ ಹೇಳಿಮಾಡಿಸಿದಂತೆ ಒಗ್ಗುತ್ತದೆ, ಅಂಥ ಮನೆಗಳಲ್ಲಿ ಟ್ಯೂರೀನುಗಳು ನಮ್ಮ ಮನೆಗಳಿಗಿಂತ ಹೆಚ್ಚು ಬಳಕೆಯಲ್ಲಿ ಉಳಿದದ್ದನ್ನು ನಾನು ಕಂಡಿದ್ದೇನೆ. ನಿಮ್ಮಲ್ಲಿ ಬೀಗರಿಗೆಂದು ಒಳಮನೆಯಲ್ಲಿ ಹಾಕುವ ಹತ್ತು ಜನರ ಮೇಜಿದ್ದರೆ ಅದರ ನಡುವೆ ಇಡಿ, ಒಳಗಿನ ಸ್ಟೀಲ್ ಪಾತ್ರೆಯಲ್ಲಿ ಗೋಧಿ ಹುಗ್ಗಿಯನ್ನೋ ಶಾವಿಗೆ ಪಾಯಸವನ್ನೋ ತುಂಬಿ. ಸಾರೇ ಬೇಕೆಂದರೆ ಅದೂ ಆಗಲಿ, ಒಳಪಾತ್ರೆ ಇರುವವರೆಗೆ ಅಡ್ಡಿಯಿಲ್ಲ.

ಮುಚ್ಚಳದ ಹಿಡಿಯನ್ನು ಮಾತ್ರ ಯಾರೂ ಹಿಡಿಯದಂತೆ ನೋಡಿಕೊಳ್ಳಿ. ಹಳೆಯ ಅಂಟು ಹಳದಿಯಾಗಿದೆ, ಸಾರಿನ ಹಬೆ ತಾಗಿದರೆ ಬಿಟ್ಟುಕೊಳ್ಳಬಹುದು. ಊಟದ ಹೊತ್ತಿಗೆ ಮುಚ್ಚಳವನ್ನು ತೆಗೆದು ಬೇರೆ ಇಡುವುದೇ ಕ್ಷೇಮ. ಮತ್ತೆ ಅಂಟಿಸುವಾಗ ಫೆವಿಕ್ವಿಕ್‌ನಂಥ ದಿಢೀರ್ ಅಂಟನ್ನು ಹಾಕಬೇಡಿ, ಅದು ಕ್ಷಣದಲ್ಲಿ ಕಚ್ಚುವುದರಿಂದ ತುಂಡನ್ನು ಸರಿಯಾಗಿ ಕೂರಿಸಲು ಸಮಯವೇ ಸಿಗುವುದಿಲ್ಲ. ವಸ್ತುಸಂಗ್ರಹಾಲಯಗಳ ಕೆಲಸಗಾರರು ಪ್ಯಾರಾಲಾಯ್ಡ್ ಬಿ-72 ಎಂಬ ರಾಳವನ್ನು ಬಳಸುತ್ತಾರೆ. ಬೇಡವೆನಿಸಿದಾಗ ಅಸಿಟೋನ್ ಎಂಬ ದ್ರಾವಕದಿಂದ ಕರಗಿಸಿ ತೆಗೆಯಬಹುದೆಂಬುದೇ ಅದರ ಗುಣ. ನನ್ನ ಮೊದಲ ಟ್ಯೂರೀನಿನ ಮುಚ್ಚಳವನ್ನು ನಾನು ಆತುರದಲ್ಲಿ ಎರಡು ಕೂದಲಷ್ಟು ಓರೆಯಾಗಿ ಅಂಟಿಸಿದೆ, ಮೂವತ್ತು ವರ್ಷವಾದರೂ ಅದು ಓರೆಯಾಗಿಯೇ ಇದೆ, ನೋಡಿದಾಗಲೆಲ್ಲ ನೋವಾಗುತ್ತದೆ.

ಕಂದು ಕಲೆಗಳನ್ನು ತೆಗೆಯಲು ಬ್ಲೀಚಿಂಗ್ ಪುಡಿಯ ನೀರಿನಲ್ಲಿ ನೆನೆಹಾಕುವ ಸಲಹೆಯನ್ನು ನಿಮಗೆ ಖಂಡಿತ ಯಾರಾದರೂ ಕೊಡುತ್ತಾರೆ, ಕೇಳಬೇಡಿ. ಕ್ಲೋರಿನ್ನಿನ ಲವಣಗಳು ಮಣ್ಣಿನೊಳಗೆ ಇಳಿದು, ಒಣಗುವಾಗ ಹರಳುಗಟ್ಟಿ, ಗ್ಲೇಜನ್ನೇ ಸಿಪ್ಪೆಯಂತೆ ಎಬ್ಬಿಸುತ್ತವೆ. ಮೊದಲು ಡಿಸ್ಟಿಲ್ಡ್ ನೀರಿನಲ್ಲಿ ಒಂದು ದಿನ ನೆನೆಯಲಿ. ಆಮೇಲೆ ಔಷಧದಂಗಡಿಯ ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ಅದ್ದಿದ ಹತ್ತಿಯನ್ನು ಕಲೆಯ ಮೇಲೆ ಮಾತ್ರ ಹಚ್ಚಿ, ಒಣಗದಂತೆ ಪ್ಲಾಸ್ಟಿಕ್ ಹಾಳೆ ಮುಚ್ಚಿ ಕೆಲವು ಗಂಟೆ ಬಿಡಿ, ತೆಗೆದು ಮತ್ತೆ ಶುದ್ಧ ನೀರಿನಲ್ಲಿ ನೆನೆಸಿ, ವಾರಗಟ್ಟಲೆ ನೆರಳಿನಲ್ಲಿ ಒಣಗಿಸಿ. ಮುಚ್ಚಳವನ್ನು ಮಾತ್ರ ಅಂಟಿನ ಕಾರಣ ನೀರಿನಲ್ಲಿ ಮುಳುಗಿಸಬೇಡಿ. ಕಲೆ ತಿಳಿಯಾದರೆ ಸಂತೋಷ. ಪೂರ್ತಿ ಹೋಗಲೇಬೇಕೆಂಬ ಹಟ ಬೇಡ. ನಮ್ಮ ಬೋರ್‌ವೆಲ್ ನೀರು ಗಡಸು, ಹಾಗೆಯೇ ಆರಿದರೆ ಬಿಳಿಯ ಉಪ್ಪಿನ ಪೊರೆ ಬಿಡುತ್ತದೆ, ಆದ್ದರಿಂದ ತೊಳೆದ ಕೂಡಲೇ ಒರೆಸಿ. ಇನ್ನೊಂದು ಮಾತು ನಮ್ಮ ಕಡೆಯ ಬಿಸಿಲಿಗೆ ಸಂಬಂಧಿಸಿದ್ದು. ಬೇಸಿಗೆಯಲ್ಲಿ 40 ಡಿಗ್ರಿ ದಾಟಿದ ದಿನ, ಅಟ್ಟದ ಮೇಲಿಂದ ಇಳಿಸಿದ ಬೋಗುಣಿಗೆ ಫ್ರಿಜ್ಜಿನ ನೀರನ್ನೋ ಐಸನ್ನೋ ಸುರಿದರೆ ಕುದಿಯುವ ಸಾರು ಸುರಿದಷ್ಟೇ ಪೆಟ್ಟು. ಶಾಖ ಏರುವುದೂ ಇಳಿಯುವುದೂ ನಿಧಾನವಾಗಿರಬೇಕು. ಅಟ್ಟಕ್ಕೆ ಮತ್ತೆ ಏರಿಸಬೇಡಿ. ಹುಲ್ಲು ತೇವ ಹಿಡಿಯುತ್ತದೆ, ಅದರ ಬದಲು ಹತ್ತಿಬಟ್ಟೆ ಇರಲಿ, ಮುಚ್ಚಳಕ್ಕೂ ಬಾಯಿಗೂ ನಡುವೆ ಒಂದು ಪದರ ಇರಲಿ.

ಕೂಡಿಸುವ ಆಸೆಯ ಬಗ್ಗೆ. ಹಣ ತೆಗೆಯುವ ಮೊದಲು ಕಣ್ಣು ಪಳಗಬೇಕು, ಅದಕ್ಕೆ ನಮಗೆ ಹತ್ತಿರವಾದ ಜಾಗ ಹೈದರಾಬಾದಿನ ಸಾಲಾರ್‌ಜಂಗ್ ಮ್ಯೂಸಿಯಂ. ನಿಜಾಮರ ದಿವಾನರಾಗಿದ್ದ ಮೂರನೆಯ ಸಾಲಾರ್‌ಜಂಗ್ ಮೀರ್ ಯೂಸುಫ್ ಅಲಿ ಖಾನ್ ಕೂಡಿಸಿದ ಸಂಪತ್ತು 1951ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಅಲ್ಲಿನ ಯುರೋಪಿಯನ್ ಪಿಂಗಾಣಿಯ ಮುಂದೆ ಅರ್ಧ ದಿನ ನಿಂತು ಬಂದರೆ, ಕೈಯಿಂದ ಬರೆದ ಚಿತ್ರಕ್ಕೂ ಅಚ್ಚಿನ ಚಿತ್ರಕ್ಕೂ ಇರುವ ಅಂತರ ಯಾರೂ ಹೇಳದೆಯೇ ಗೊತ್ತಾಗುತ್ತದೆ. ಶುಕ್ರವಾರ ಅದು ಮುಚ್ಚಿರುತ್ತದೆ. ಕೊಳ್ಳುವ ಆಸೆಯಿದ್ದರೆ ಅದೇ ಊರಿನ ಜುಮ್ಮೇರಾತ್ ಬಜಾರಿನಲ್ಲಿ ಗುರುವಾರ ಹಳೆಯ ಸಾಮಾನು ಬೀಳುತ್ತದೆ; ಆದರೆ ನಮ್ಮ ಊರುಗಳಲ್ಲಿ ಮನೆ ಪಾಲಾಗುವ ಸುದ್ದಿ ಕಿವಿಗೆ ಬೀಳುವಂತೆ ನಾಲ್ಕು ಜನರಿಗೆ ಹೇಳಿಟ್ಟಿರುವುದು ನನಗೆ ಹೆಚ್ಚು ಫಲ ಕೊಟ್ಟಿದೆ.

ಇಂಗ್ಲಿಷ್ ವಸ್ತುವಿನಿಂದಲೇ ಶುರುಮಾಡಬೇಕೆಂಬ ಕಟ್ಟಿಲ್ಲ. ಕೋಲ್ಕತ್ತದ ಬೆಂಗಾಲ್ ಪಾಟರೀಸ್, ಗ್ವಾಲಿಯರ್ ಪಾಟರೀಸ್ ಮುದ್ರೆಯ ಭಾರತೀಯ ಪಿಂಗಾಣಿಯನ್ನು ನಮ್ಮವರು ಹಳೆಯದೆಂದು ಎಣಿಸುವುದೇ ಇಲ್ಲ, ಹೋಟೆಲುಗಳು ಮುಚ್ಚುವಾಗ ತೂಕಕ್ಕೆ ಮಾರುತ್ತಾರೆ. ಮುಂದಿನ ತಲೆಮಾರು ಇದಕ್ಕಾಗಿ ಪರಿತಪಿಸುತ್ತದೆಂದು ನನ್ನ ನಂಬಿಕೆ, ಹೊಸದಾಗಿ ಆರಂಭಿಸುವವರಿಗೆಲ್ಲ ಇದನ್ನೇ ಸೂಚಿಸುತ್ತೇನೆ. ಜಪಾನಿನದಾದರೆ ಮುದ್ರೆಯೇ ಕಾಲ ಹೇಳುತ್ತದೆ: ‘ನಿಪ್ಪಾನ್’ ಎಂದಿದ್ದರೆ ಸಾಮಾನ್ಯವಾಗಿ 1891ರಿಂದ 1921ರೊಳಗಿನದು, ‘ಆಕ್ಯುಪೈಡ್ ಜಪಾನ್’ ಎಂದಿದ್ದರೆ ಎರಡನೆಯ ಮಹಾಯುದ್ಧದ ನಂತರ 1952ರೊಳಗಿನದು. ‘ಚೆಕೊಸ್ಲೊವಾಕಿಯಾ’ ಎಂದಿದ್ದರೆ 1918ಕ್ಕಿಂತ ಹಿಂದಿನದಾಗಿರಲು ಸಾಧ್ಯವಿಲ್ಲ, ಆ ದೇಶವೇ ಆಗ ಇರಲಿಲ್ಲ. ಬೀದರಿನವರು ಯಾರಾದರೂ ಬಿದರಿಯ ದೊಡ್ಡ ಬೋಗುಣಿ ತೋರಿಸಿ ಇದರಲ್ಲೂ ಸೂಪು ಬಡಿಸಬಹುದೆಂದರೆ ಒಪ್ಪಬೇಡಿ. ಬಿದರಿಯ ಒಡಲು ಬಹುಪಾಲು ಸತುವು, ಹುಳಿ ಅದನ್ನು ಕರಗಿಸುತ್ತದೆ, ಕೋಟೆಯ ಮಣ್ಣು ಹಚ್ಚಿ ಬರಿಸಿದ ಆ ಕಪ್ಪೂ ಹಾಳಾಗುತ್ತದೆ.

ಕೊಳ್ಳುವಾಗ ನಾನು ಎಲ್ಲಕ್ಕಿಂತ ಹೆಚ್ಚು ಹೊತ್ತು ನೋಡುವುದು ಮುಚ್ಚಳವನ್ನು. ಮೊದಲು ಒಡೆಯುವುದು ಅದೇ, ಆದ್ದರಿಂದ ಒಂದರ ಮುಚ್ಚಳವನ್ನು ಇನ್ನೊಂದರ ಮೇಲೆ ಕೂರಿಸಿ ಜೋಡಿಯೆಂದು ಮಾರುವುದು ಬಹಳ. ಮುಚ್ಚಳ ಅಲುಗಾಡದೆ ಕೂರಬೇಕು, ಎರಡರ ಬಿಳುಪು ಒಂದೇ ಛಾಯೆಯದಾಗಿರಬೇಕು, ನೀಲಿಯ ಗಾಢತೆ ಒಂದೇ ಆಗಿರಬೇಕು. ಹೊಸದನ್ನು ಹಳತು ಮಾಡುವವರು ಚಹಾದಲ್ಲಿ ನೆನೆಸಿ ಬಿರುಕುಗಳಿಗೆ ಕಂದು ಬಣ್ಣ ಬರಿಸುತ್ತಾರೆ. ಆಗ ಕಲೆ ಎಲ್ಲ ಕಡೆಯೂ ಒಂದೇ ಸಮನೆ ಇರುತ್ತದೆ, ನಿಮ್ಮದರ ಹಾಗೆ ಸಾರು ನಿಂತ ಮಟ್ಟಕ್ಕೆ ಗೆರೆ ಹೊಡೆದಂತೆ ಇರುವುದಿಲ್ಲ. ನಿಜವಾಗಿ ಬಳಸಿದ ಪಾತ್ರೆಯ ಸುತ್ತುಕಾಲು ನೂರಾರು ಸಣ್ಣ ಗೀರುಗಳಿಂದ ಸವೆದಿರುತ್ತದೆ. ನೋಟು ಪರೀಕ್ಷಿಸುವ ನೇರಳೆ ದೀಪವನ್ನು ಕತ್ತಲೆಯಲ್ಲಿ ಹಿಡಿದರೆ ಅಂಟು ಮತ್ತು ಬಣ್ಣ ಹಚ್ಚಿದ ಜಾಗಗಳು ಸಾಮಾನ್ಯವಾಗಿ ಬೇರೆಯಾಗಿ ಹೊಳೆಯುತ್ತವೆ. ಹಿಂದಿನವರು ಲೋಹದ ತಂತಿಯ ಹೊಲಿಗೆ ಹಾಕಿ ಕೂಡಿಸಿದ ಪಾತ್ರೆ ಸಿಕ್ಕರೆ ಬಿಡಬೇಡಿ, ಆ ಹೊಲಿಗೆಯನ್ನೂ ಬಿಚ್ಚಬೇಡಿ. ಒಡೆದ ಮೇಲೂ ಅದನ್ನು ಬೇಕೆಂದು ಉಳಿಸಿಕೊಂಡ ಮನೆಯ ಗುರುತು ಅದು.

ವ್ಯಾಪಾರಿಯ ವಿಷಯದಲ್ಲಿ ಎರಡೇ ಮಾತು. ನೂರು ವರ್ಷ ಮೀರಿದ, ಐತಿಹಾಸಿಕ ಮಹತ್ವವುಳ್ಳ ವಸ್ತುಗಳಿಗೆ 1972ರ ಪ್ರಾಚೀನ ವಸ್ತುಗಳ ಕಾಯಿದೆ ಅನ್ವಯಿಸುತ್ತದೆ, ಅಂಥವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು, ಕೇಂದ್ರ ಸರ್ಕಾರ ಅಥವಾ ಅದು ಅಧಿಕಾರ ಕೊಟ್ಟ ಸಂಸ್ಥೆಯ ಹೊರತು ಯಾರೂ ಅವನ್ನು ದೇಶದ ಹೊರಗೆ ಕಳಿಸುವಂತಿಲ್ಲ. ವಿದೇಶದ ಗಿರಾಕಿಯ ಮಾತೆತ್ತಿದರೆ ಅಲ್ಲಿಗೇ ನಿಲ್ಲಿಸಿ. ಇನ್ನು, ಬೆಲೆ ಎಷ್ಟೇ ಹೇಳಲಿ, ಅಡಿತಟ್ಟೆಯನ್ನು ಬೋಗುಣಿಯಿಂದ ಬೇರ್ಪಡಿಸಿ ಕೊಡಬೇಡಿ. ಈ ಬಗೆಯ ಪಾತ್ರೆಗಳಲ್ಲಿ ಅಡಿತಟ್ಟೆ ಉಳಿದಿರುವುದೇ ಅಪರೂಪ, ಅವನ ಕಣ್ಣು ಅದರ ಮೇಲೆಯೇ ಇರಬಹುದು. ತಟ್ಟೆಯ ತಳದ ಫೋಟೋ ನಿಮ್ಮ ಕಾಗದದ ಜೊತೆ ಬಂದಿಲ್ಲ. ಅದನ್ನು ಕವುಚಿ, ಕಿಟಕಿಯ ಬೆಳಕಿನಲ್ಲಿ ಓರೆಯಾಗಿ ಹಿಡಿದು ಒಂದು ಫೋಟೋ ಕಳಿಸಿ. ಅಲ್ಲೂ ಅದೇ ನೋಂದಣಿ ಸಂಖ್ಯೆ ಇದ್ದು, ಬೋಗುಣಿಯ ಮೇಲೆ ಅಳಿಸಿರುವ ಕಾರ್ಖಾನೆಯ ಹೆಸರು ತಟ್ಟೆಯ ಮೇಲೆ ಉಳಿದಿದ್ದರೆ, ಅದನ್ನು ಮಾಡಿದವರು ಯಾರೆಂಬುದನ್ನೂ ನಾನು ನಿಮಗೆ ತಿಳಿಸುತ್ತೇನೆ.